ಮನೆಯಲ್ಲಿ ಯಾರಿಗಾದರೂ ಇತ್ತಾ?

ತಮ್ಮಾ, ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ‘ನೀವು’ ಬಿಟ್ಟು ಬರೆಯುತ್ತೇನೆ. ನೀನು ಲೆಸ್ಟರ್‌ಗೆ ಬಂದು ನಾಲ್ಕು ತಿಂಗಳು. ಇನ್ನೂ ಚಳಿಗೆ ಮೈ ಒಗ್ಗಿಲ್ಲ, ಅಷ್ಟರಲ್ಲಿ ಜಯನಗರದಿಂದ ಫೋನು, ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ, ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯದು. ವಾಪಸ್ ಹೋಗಲಾ, ಅಪ್ಪನನ್ನು ಇಲ್ಲಿಗೆ ಕರೆಸಲಾ, ನನಗೂ ಬರುತ್ತಾ ಅಂತ ಕೇಳಿದ್ದೀಯ. ನಾನು ಡಾಕ್ಟರ್ ಅಲ್ಲ. ಇಂಗ್ಲೆಂಡಿಗೆ ಬಂದು 19 ವರ್ಷ ಆಯಿತು. ಅದರಲ್ಲಿ ಆರು ವರ್ಷ ನನ್ನ ಅಪ್ಪನ ಇದೇ ಕಾಯಿಲೆಯ ಜೊತೆ ಫೋನಿನಲ್ಲೇ ಬದುಕಿದವನು, ಅಷ್ಟೇ.

ಕರೆಸುವ ಮಾತು ಬೇಡ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇಲ್ಲಿನ ಸರ್ಕಾರಿ ಆಸ್ಪತ್ರೆ ಪುಕ್ಕಟೆ ಅಲ್ಲ, ಮಾಮೂಲಿ ದರದ ಒಂದೂವರೆ ಪಟ್ಟು ಬಿಲ್ ಹಾಕುತ್ತಾರೆ. ಬೇಕಾದ ಚಿಕಿತ್ಸೆ ಬೆಂಗಳೂರಿನಲ್ಲೇ ಇದೆ. ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿ ಜನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುತ್ತಾರೆ, ನಿಮಗೆ ಅದು ಆಟೋ ದೂರ.

ವಾಪಸ್ ಹೋಗುವುದೂ ಈಗಲೇ ಬೇಡ. ಕ್ಯಾನ್ಸರ್ ಎಷ್ಟು ಜೋರಿದೆ ಅಂತ ಅಳೆಯುವ ಗ್ಲೀಸನ್ ಅಂಕ 3+4, ಅಂದರೆ ನಡುಮಟ್ಟ, ಗ್ರಂಥಿ ಬಿಟ್ಟು ಹೊರಗೆ ಹರಡಿಲ್ಲ ಅಂತ ಬರೆದಿದ್ದೀಯ. ಇದು ಹೆಚ್ಚಾಗಿ ನಿಧಾನಕ್ಕೆ ಬೆಳೆಯುವ ಕಾಯಿಲೆ. ಆಪರೇಷನ್ನೋ ರೇಡಿಯೇಷನ್ನೋ ಅಂತ ಇನ್ನೊಬ್ಬ ಡಾಕ್ಟರನ್ನು ಕೇಳುವಷ್ಟು ಪುರುಸೊತ್ತು ಸಾಮಾನ್ಯವಾಗಿ ಇರುತ್ತದೆ. ರಜೆ ಉಳಿಸಿಕೋ. ಆಪರೇಷನ್ ಆದರೆ, ಆ ದಿನ ಥಿಯೇಟರ್ ಮುಂದೆ ಫ್ಲಾಸ್ಕು ಹಿಡಿದು ನಿಲ್ಲಲು ನಿಮ್ಮ ಕಡೆಯ ಜನ ಬೇಕಾದಷ್ಟು ಇರುತ್ತಾರೆ. ನೀನು ಬೇಕಾಗುವುದು ಆಮೇಲೆ. ಒಂದೆರಡು ವಾರ ಮೂತ್ರದ ಪೈಪು ಇರುತ್ತದೆ. ಅದನ್ನು ತೆಗೆದ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸೋರುತ್ತದೆ. ಪ್ಯಾಡ್ ಬೇಕಾಗುತ್ತದೆ. ನಮ್ಮ ಅಪ್ಪಂದಿರು ಅದನ್ನು ಹೆಂಡತಿಗೂ ಹೇಳುವುದಿಲ್ಲ, ಮೆಡಿಕಲ್ ಶಾಪಿನಲ್ಲಿ ಬಾಯಿಬಿಟ್ಟು ಕೇಳುವುದೂ ಇಲ್ಲ. ಆಗ ಮಗ ಮನೆಯಲ್ಲಿದ್ದರೆ, ಏನೂ ಮಾತಾಡದೆ ಸುಮ್ನೆ ತಂದು ಬಚ್ಚಲುಮನೆಯಲ್ಲಿ ಇಟ್ಟು ಬರಬಹುದು.

ಒಂದು ಎಚ್ಚರ. ನಿನ್ನದು ಸ್ಕಿಲ್ಡ್ ವರ್ಕರ್ ವೀಸಾ ಅಲ್ವಾ? ಸಂಬಳವಿಲ್ಲದ ರಜೆ ವರ್ಷಕ್ಕೆ ನಾಲ್ಕು ವಾರ ದಾಟಿದರೆ ಸ್ಪಾನ್ಸರ್‌ಶಿಪ್ಪಿಗೇ ಕುತ್ತು ಬರಬಹುದು. ಮ್ಯಾನೇಜರಿಗೆ ಇವತ್ತೇ ಹೇಳಿಬಿಡು.

ಇನ್ನು ನಿನ್ನ ಮೂರನೇ ಪ್ರಶ್ನೆ. ಇಲ್ಲಿಗೆ ಬಂದ ಹೊಸದರಲ್ಲಿ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ಬರೆಸುವಾಗ ಫಾರಂನಲ್ಲಿ ಕೇಳಿದ್ದರು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಅಂತ. ‘ಇಲ್ಲ’ ಅಂತ ಟಿಕ್ ಹಾಕಿದೆ. ನಮ್ಮ ದೊಡ್ಡಪ್ಪ ತುರುವೇಕೆರೆಯಲ್ಲಿ ‘ಉಚ್ಚೆ ಕಟ್ಟಿಕೊಂಡು’ ಹೋದರು. ಅಜ್ಜ ‘ಸೊಂಟ ಬಿದ್ದು’ ಹಾಸಿಗೆ ಹಿಡಿದರು. ಮನೆಯಲ್ಲಿ ಕಾಯಿಲೆಗಳಿಗೆ ಇದ್ದದ್ದು ಇಂಥ ಹೆಸರುಗಳೇ. ನಮ್ಮ ಅಪ್ಪನದು ಬಯಲಾದಾಗಲೂ ಅಮ್ಮ ಫೋನಿನಲ್ಲಿ ಹೇಳಿದ್ದು ‘ಏನೋ ಗಡ್ಡೆಯಂತೆ ಕಣೋ’ ಅಂತ.

ಬಯಲಾಗಿದ್ದೇ ತಡವಾಗಿ. ಅಪ್ಪ ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ವಯಸ್ಸಾಯಿತು, ಪ್ರಾಸ್ಟೇಟ್ ಊದಿಕೊಂಡಿದೆ ಅಂತ ಒಂದು ಕ್ಯಾಪ್ಸೂಲ್ ಕೊಟ್ಟಿದ್ದರು. ಒಂದು ವರ್ಷ ಬಿಟ್ಟು ಪಿಎಸ್‌ಎ ಅನ್ನುವ, ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆ ಮಾಡಿಸಿದರೆ 3.4 ಬಂತು. 4ರ ಒಳಗಿದ್ದರೆ ಸರಿ ಅಂತ ಲ್ಯಾಬ್ ಕಾಗದದಲ್ಲೇ ಅಚ್ಚಾಗಿತ್ತು. ಅದರ ಫೋಟೋಗೆ ನಾನು ವಾಟ್ಸಾಪಿನಲ್ಲಿ ಹೆಬ್ಬೆರಳು ಒತ್ತಿ ಮಲಗಿದೆ. ಆ ಕ್ಯಾಪ್ಸೂಲಿನಲ್ಲಿ ಪ್ರಾಸ್ಟೇಟ್ ಕುಗ್ಗಿಸುವ ಡುಟಾಸ್ಟರೈಡ್ ಅನ್ನುವ ಔಷಧ ಇತ್ತು. ಅದನ್ನು ಆರು ತಿಂಗಳು ನುಂಗಿದರೆ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇನ್ನೆರಡು ವರ್ಷಕ್ಕೆ ಬೆನ್ನುನೋವು ಶುರುವಾಯಿತು. ಎಣ್ಣೆ, ಮುಲಾಮು, ಮೂಳೆ ಡಾಕ್ಟರು ಎಲ್ಲ ಮುಗಿದ ಮೇಲೆ ಸ್ಕ್ಯಾನ್ ಮಾಡಿದರೆ ಕ್ಯಾನ್ಸರ್ ಬೆನ್ನುಮೂಳೆಗೇ ಇಳಿದಿತ್ತು.

ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್. ಈ ಕ್ಯಾನ್ಸರ್ ಬೆಳೆಯುವುದು ಗಂಡಸಿನ ಹಾರ್ಮೋನಿನ ಬಲದಿಂದ, ಅದನ್ನು ನಿಲ್ಲಿಸುವ ಔಷಧ. ಅದೇ ಅಪ್ಪನನ್ನು ಆರು ವರ್ಷ ಉಳಿಸಿತು. ಆದರೆ ಡಿಸೆಂಬರಿನಲ್ಲಿ ಬಸವನಗುಡಿಯ ಜನ ಮಫ್ಲರ್ ಸುತ್ತಿಕೊಂಡಿದ್ದಾಗ ಅಪ್ಪ ಬನಿಯನ್ ತೊಟ್ಟು ಫ್ಯಾನ್ ಕೆಳಗೆ ಬೆವರುತ್ತಾ ಕೂರುತ್ತಿದ್ದರು. ಸೀರಿಯಲ್ ನೋಡಿ ಅಳುತ್ತಿದ್ದರು. ಜೀವನದಲ್ಲಿ ಅತ್ತವರಲ್ಲ. ಧೈರ್ಯ ಕಳೆದುಕೊಂಡರು ಅಂತ ಅಮ್ಮನೂ ಅತ್ತಳು. ನಾನು ಇಲ್ಲಿಂದ ವಿಡಿಯೋ ಕಾಲಿನಲ್ಲಿ ಧೈರ್ಯದ ಭಾಷಣ ಬಿಗಿದೆ. ಆ ಬೆವರು, ಆ ಅಳು ಎರಡೂ ಇಂಜೆಕ್ಷನ್ನಿನಿಂದ ಬರಬಹುದು ಅಂತ ಒಬ್ಬ ನರ್ಸ್ ಹೇಳಿದ್ದು ಎಂಟು ತಿಂಗಳ ಮೇಲೆ.

ನಿನಗೆ ಬರುತ್ತಾ? ಅಪ್ಪನಿಗೋ ಅಣ್ಣತಮ್ಮಂದಿರಿಗೋ ಇದ್ದರೆ ಬೇರೆಯವರಿಗಿಂತ ಸಾಧ್ಯತೆ ಸುಮಾರು ಎರಡು ಪಟ್ಟು, ಸ್ವಲ್ಪ ಜಾಸ್ತಿಯೇ. ಹಾಗಂತ ಬಂದೇ ಬರುತ್ತದೆ ಅಂತಲ್ಲ. ನಿನಗೆ 33, ಈಗ ಪರೀಕ್ಷೆ ಬೇಕಿಲ್ಲ. ಅಪ್ಪನ ವಿಷಯ ಜಿಪಿ ದಾಖಲೆಯಲ್ಲಿ ಬರೆಸು. 45ಕ್ಕೆ ಹೋಗಿ ಮಾತಾಡು. ಇಲ್ಲಿ 50 ದಾಟಿದ ಯಾವ ಗಂಡಸೂ ಪಿಎಸ್‌ಎ ಕೇಳಿ ಮಾಡಿಸಿಕೊಳ್ಳಬಹುದು, ಆದರೆ ಅವರಾಗಿ ಯಾರೂ ಕರೆಯುವುದಿಲ್ಲ. ನಾನು 50 ತುಂಬಿದ ವಾರವೇ ಹೋಗಿದ್ದೆ. ಹಿಂದಿನ ಎರಡು ದಿನ ಸೈಕಲ್ ತುಳಿಯಬೇಡ ಅಂದರು. ಫಲಿತಾಂಶ ಬರುವವರೆಗೆ ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮನೆಯ ಹೆಂಗಸರ ಬಗ್ಗೆಯೂ ಕೇಳು. ಸ್ತನ, ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುವ ಬಿಆರ್‌ಸಿಎ2 ಅನ್ನುವ ಜೀನಿನ ದೋಷ ಪ್ರಾಸ್ಟೇಟ್ ಕ್ಯಾನ್ಸರಿಗೂ ಕಾರಣವಾಗಬಹುದು. ಅಪ್ಪನಿಂದ ಮಗಳಿಗೂ ಬರುತ್ತದೆ. ಹೆಂಗಸರಲ್ಲಿ ಯಾರಿಗಾದರೂ ಆ ಕ್ಯಾನ್ಸರ್ ಇದ್ದರೆ ಮೊದಲು ಅಪ್ಪನಿಗೇ ಜೀನ್ ಪರೀಕ್ಷೆ ಮಾಡಿಸಬಹುದಾ ಅಂತ ಅಲ್ಲಿನ ಡಾಕ್ಟರನ್ನು ಕೇಳು. ನಿನ್ನ ಅಕ್ಕನಿಗೂ ತಿಳಿಸು.

ಭಾನುವಾರ ಸೋದರತ್ತೆಗೆ ಫೋನ್ ಮಾಡು. ಕ್ಯಾನ್ಸರ್ ಅಂತ ಕೇಳಬೇಡ, ಯಾರು ಹೇಗೆ ಹೋದರು ಅಂತ ಕೇಳು. ನಮ್ಮತ್ತೆ 84ನೇ ವಯಸ್ಸಿನಲ್ಲಿ, ಅವರೇಕಾಯಿ ಸುಲಿಯುತ್ತಾ, ಒಂದೇ ಕರೆಯಲ್ಲಿ ನಾಲ್ಕು ಹೆಸರು ಹೇಳಿದರು. ಹಾಗೇ ಅಪ್ಪನ ಮಾತ್ರೆಗಳ ಫೋಟೋ ಕಳಿಸಲು ಅಮ್ಮನಿಗೆ ಹೇಳು. ಮಾತ್ರೆ ಸ್ಟ್ರಿಪ್ಪಿನ ಹಿಂಭಾಗದ್ದು, ಔಷಧದ ಹೆಸರು ಆ ಕಡೆ ಇರುತ್ತೆ.