ಓದುಗರ ಪ್ರಶ್ನೆ: ಸುಟ್ಟು ನೋಡುವ ಮುನ್ನ ಲೆಕ್ಕವೇಕೆ?

ಪ್ರಶ್ನೆ: ಬಾಹ್ಯಾಕಾಶ ನೌಕೆಯ ಉಷ್ಣಕವಚದ ವಸ್ತು ಪರೀಕ್ಷೆಯಲ್ಲಿ ಎಷ್ಟು ಬಿಸಿಯಾಗುತ್ತದೆಂದು ಮೊದಲೇ ತಿಳಿಸುವ ಸಾಫ್ಟ್‌ವೇರನ್ನು ನನ್ನ ಮಗಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಬರೆಯುತ್ತಿದ್ದಾಳೆ. ಹೇಗೂ ಸುಟ್ಟೇ ನೋಡುವುದಾದರೆ ಈ ಲೆಕ್ಕದ ಅಗತ್ಯವೇನು?
— ಓದುಗರೊಬ್ಬರು, ಚಿಂಚವಡ, ಪುಣೆ

ಉತ್ತರ: ಭೂಮಿಯ ಮೇಲಿನ ಯಾವ ಪರೀಕ್ಷೆಯೂ ನೌಕೆ ವಾತಾವರಣಕ್ಕೆ ಮರಳಿ ಧುಮುಕುವ ಮರುಪ್ರವೇಶವನ್ನು ಪೂರ್ತಿಯಾಗಿ ಅನುಕರಿಸಲಾರದು, ಲೆಕ್ಕ ಬೇಕಾಗುವುದು ಅದಕ್ಕಾಗಿಯೇ. ಆರ್ಕ್ ಜೆಟ್ ಎಂಬ ಸ್ಥಾವರದಲ್ಲಿ, ವೆಲ್ಡಿಂಗಿನಲ್ಲಿ ಕಾಣುವಂಥ ವಿದ್ಯುತ್ ಆರ್ಕಿನಿಂದ ಗಾಳಿಯನ್ನು ಸಾವಿರಾರು ಡಿಗ್ರಿಗೆ ಕಾಯಿಸಿ, ಶಬ್ದದ ಹಲವು ಪಟ್ಟು ವೇಗದಲ್ಲಿ ಅಂಗೈಯಗಲದ ತುಂಡೊಂದರ ಮೇಲೆ ಹಾಯಿಸುತ್ತಾರೆ. ನಾಸಾದ ಓರಿಯನ್ ನೌಕೆಯ ಕವಚದ ವ್ಯಾಸವಾದರೋ ಸುಮಾರು 5 ಮೀಟರ್.

ಮೊದಲು ಅದೇ ಆಕಾರದ ತಾಮ್ರದ ಮಾಪಕವನ್ನು ಆ ಜ್ವಾಲೆಗೆ ಒಡ್ಡಿ ಶಾಖದ ತೀವ್ರತೆಯನ್ನು ಅಳೆಯುತ್ತಾರೆ. ಆ ಅಂಕಿಯನ್ನು ಪಡೆದ ಸಾಫ್ಟ್‌ವೇರ್ — ನಾಸಾದ ಏಮ್ಸ್ ಕೇಂದ್ರದ ಫಿಯಟ್ ಅಂಥದ್ದು — ವಸ್ತುವನ್ನು ತೆಳುವಾದ ಪದರಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಎಷ್ಟು ಶಾಖ ಇಳಿಯಿತು, ವಸ್ತುವಿನಲ್ಲಿರುವ ರಾಳವು (ಅಂಟಿನಂಥ ಪದಾರ್ಥ) ಅನಿಲವಾಗುವಾಗ ಎಷ್ಟನ್ನು ಹೀರಿತು, ಹೊರಮೈ ಎಷ್ಟು ಸವೆಯಿತು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ. ತುಂಡನ್ನು ಎಷ್ಟು ಸೆಕೆಂಡು ಇಡಬೇಕು, ಉಷ್ಣತೆ ಅಳೆಯುವ ತಂತಿಗಳಾದ ಥರ್ಮೋಕಪಲ್‌ಗಳನ್ನು ಎಷ್ಟು ಆಳದಲ್ಲಿ ಹುದುಗಿಸಬೇಕು ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ. (ಆ ತಂತಿಯನ್ನು ಒಂದೇ ಉಷ್ಣತೆಯ ಮಟ್ಟದಲ್ಲಿ ಅಡ್ಡಲಾಗಿ ಹಾಯಿಸದಿದ್ದರೆ, ತಂತಿಯೇ ಶಾಖವನ್ನು ಒಯ್ದು ಅಳತೆ ತಪ್ಪುತ್ತದೆ.) ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದರೆ ಇದ್ದಿಲಿನ ಉಷ್ಣವಾಹಕತೆಯಂಥ ಗುಣಾಂಕಗಳನ್ನು ಮರುಪರಿಶೀಲಿಸಬೇಕು, ತಾಳೆಯಾಗುವವರೆಗೆ ಅಂಕಿಗಳನ್ನು ತಿರುಚುತ್ತ ಹೋದರೆ ಆ ಲೆಕ್ಕ ಅದೊಂದೇ ಪರೀಕ್ಷೆಗೆ ಸರಿಹೊಂದೀತು.

ಪರೀಕ್ಷೆಯನ್ನಷ್ಟೇ ನಂಬಿದರೆ ಏನಾಗುತ್ತದೆಂಬುದನ್ನು ನಾಸಾದ 2022ರ ಆರ್ಟೆಮಿಸ್-1 ಹಾರಾಟ ತೋರಿಸಿತು. ಚಂದ್ರನತ್ತ ಹೋಗಿ ಮರಳಿದ ಓರಿಯನ್‌ನ, ಅವ್ಕೋಟ್ ಎಂಬ ವಸ್ತುವಿನ ಕವಚದಿಂದ ನೂರಕ್ಕೂ ಹೆಚ್ಚು ಕಡೆ ಇದ್ದಿಲಾದ ಪದರ ಕಿತ್ತುಹೋಗಿತ್ತು. ನೌಕೆ ವಾತಾವರಣಕ್ಕೆ ಒಮ್ಮೆ ಇಳಿದು, ಮೇಲೆದ್ದು, ಮತ್ತೆ ಇಳಿಯುವ ದಾರಿ ಹಿಡಿದಿತ್ತು. ಆ ನಡುವಿನ ಅವಧಿಯಲ್ಲಿ ಹೊರಗಿನ ಶಾಖ ತಗ್ಗಿದರೂ ಒಳಗೆ ಅನಿಲ ಹುಟ್ಟುತ್ತಲೇ ಇತ್ತು. ಹಂಚಿನ ಮೇಲೆ ಜೋಳದ ರೊಟ್ಟಿ ಉಬ್ಬುವುದು ಹಬೆಗೆ ಹೊರದಾರಿ ಇಲ್ಲದಾಗ. ತೂತು ಬಿದ್ದ ರೊಟ್ಟಿ ಉಬ್ಬುವುದಿಲ್ಲ. ರೊಟ್ಟಿಯಂತೆ ಉಬ್ಬಲು ಬಾರದ ಅವ್ಕೋಟ್ ಬಿರಿಯಿತು. ಹಿಂದಿನ ಭೂಪರೀಕ್ಷೆಗಳಲ್ಲಿ ಶಾಖದ ತೀವ್ರತೆ ಹಾರಾಟಕ್ಕಿಂತ ಹೆಚ್ಚಿದ್ದುದರಿಂದ, ಇದ್ದಿಲಿನ ಪದರ ಬೇಗನೆ ರೂಪುಗೊಂಡು ಅನಿಲಕ್ಕೆ ದಾರಿ ಬಿಟ್ಟಿತ್ತು. ಹೀಗಾಗಿ ಹೆಚ್ಚು ಕಠಿಣವೆಂದು ತೋರಿದ ಪರೀಕ್ಷೆಯೇ ಈ ದೋಷವನ್ನು ಮರೆಮಾಡಿತು. ಕಾರಣವನ್ನು ನಾಸಾ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಆದ್ದರಿಂದ ನಿಮ್ಮ ಮಗಳನ್ನು ಎರಡು ಮಾತು ಕೇಳಿ. ಅವಳ ಸಾಫ್ಟ್‌ವೇರ್ ಉಷ್ಣತೆಯ ಜೊತೆಗೆ ಒಳಗಿನ ಅನಿಲದ ಒತ್ತಡವನ್ನೂ ಲೆಕ್ಕಿಸುತ್ತದೆಯೇ? ಗುಣಾಂಕಗಳನ್ನು ಹೊಂದಿಸಲು ಬಳಸದ ಒಂದು ಪರೀಕ್ಷೆಯ ಅಳತೆಗಳನ್ನು ಕೊನೆಯ ತಾಳೆಗೆಂದು ಬೇರೆಯಾಗಿ ಎತ್ತಿಟ್ಟಿದ್ದಾಳೆಯೇ?