ಒಂದೇ ಸಲ ಎರಡು ಕಡೆ ಗಮನ ಇಡಲು ಆಗುತ್ತಾ?

ಆಡುತ್ತಿರುವ ಇಬ್ಬರು ಮಕ್ಕಳನ್ನು ಒಟ್ಟಿಗೆ ಗಮನಿಸಲು ಆಗುತ್ತಾ, ಇಲ್ಲಾ ಕಣ್ಣು ಇದ್ದಲ್ಲೇ ಗಮನವೂ ಇರುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ಇಬ್ಬರೂ ಎಲ್ಲಿದ್ದಾರೆ ಅನ್ನೋದು ಮುಖ್ಯ.

ಮೊದಲು ಇದನ್ನು ಮಾಡಿ ನೋಡಿ. ಈ ಸಾಲಿನ ಒಂದು ಪದದ ಮೇಲೆ ಕಣ್ಣು ನೆಡಿ. ಕಣ್ಣು ಕದಲಿಸದೆ ನಾಲ್ಕೈದು ಸಾಲು ಕೆಳಗಿರುವ ಪದ ಓದಿ. ಆಗಲ್ಲ, ಅಲ್ವಾ? ಆದರೂ ಅಲ್ಲೇನೋ ಬರೆದಿದೆ ಅಂತ ತಿಳಿಯುತ್ತದೆ. ಕಣ್ಣು ಮೇಲೆಯೇ ಉಳಿಯಿತು, ಗಮನ ಮಾತ್ರ ಕೆಳಗಿಳಿದು ಬಂತು. ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗ, ಅಂದರೆ ಸುಮಾರು 2 ಡಿಗ್ರಿ, ಅಷ್ಟೇ ನಮಗೆ ನಿಚ್ಚಳವಾಗಿ ಕಾಣುವುದು. ಗಮನಕ್ಕೆ ಆ ಗಡಿ ಇಲ್ಲ.

ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದನ್ನು 19ನೇ ಶತಮಾನದಲ್ಲೇ ಕಂಡುಕೊಂಡಿದ್ದರು. ಕತ್ತಲಲ್ಲಿ ಅಕ್ಷರಗಳ ಹಾಳೆ, ಅದರ ಮೇಲೆ ಒಂದು ಕಿಡಿಯ ಬೆಳಕು. ಕಣ್ಣು ತಿರುಗಿಸುವಷ್ಟೂ ಹೊತ್ತಿಲ್ಲ. ಯಾವ ಕಡೆ ಗಮನ ಇಡಬೇಕು ಅಂತ ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡರೆ, ಆ ಕಡೆಯ ಅಕ್ಷರಗಳು ಸಿಗುತ್ತಿದ್ದವು.

ಈಗ ನಿಮ್ಮ ಪ್ರಶ್ನೆಯ ತಿರುಳು. ನಾವು ನೋಡುವ ಬಿಂದುವಿನ ಎಡಕ್ಕಿರುವುದೆಲ್ಲ ಮಿದುಳಿನ ಬಲಭಾಗಕ್ಕೆ ಹೋಗುತ್ತದೆ, ಬಲಕ್ಕಿರುವುದು ಎಡಭಾಗಕ್ಕೆ. ಗಮನದ ಬಂಡವಾಳವೂ ಒಂದು ಮಟ್ಟಿಗೆ ಹಾಗೇ ಪಾಲಾಗಿದೆ. 2005ರಲ್ಲಿ ಆಲ್ವಾರೆಜ್ ಮತ್ತು ಕ್ಯಾವನಾ ಅನ್ನುವ ಇಬ್ಬರು ಸಂಶೋಧಕರು, ಓಡಾಡುವ ವಸ್ತುಗಳನ್ನು ಮನಸ್ಸಿನಲ್ಲೇ ಹಿಂಬಾಲಿಸುವಂತೆ ಜನರಿಗೆ ಹೇಳಿದರು. ಎಲ್ಲವೂ ಒಂದೇ ಪಕ್ಕದಲ್ಲಿದ್ದಾಗ ಹಿಂಬಾಲಿಸಲು ಆದದ್ದಕ್ಕಿಂತ, ಎರಡೂ ಪಕ್ಕಕ್ಕೆ ಹಂಚಿದಾಗ ಸುಮಾರು ಎರಡು ಪಟ್ಟು ಸಾಧ್ಯವಾಯಿತು! ಇಂಥದ್ದೇ ಚುಕ್ಕೆಗಳ ಆಟವನ್ನು ನಾನೂ ಕಂಪ್ಯೂಟರಿನಲ್ಲಿ ಆಡಿದ್ದೇನೆ. ಎಡಕ್ಕೆ ಎರಡು, ಬಲಕ್ಕೆ ಎರಡು ಇದ್ದಾಗ ಹೇಗೋ ನಿಭಾಯಿಸಿದೆ. ನಾಲ್ಕೂ ಎಡಕ್ಕೇ ಬಂದಾಗ ಒಂದರ ಜಾಗದಲ್ಲಿ ಇನ್ನೊಂದನ್ನು ಹಿಡಿದುಕೊಂಡು ಕೂತಿದ್ದೆ. ಅದೂ ಗೊತ್ತಾಗದೆ.

ಪಾರ್ಶ್ವವಾಯುವಿನಿಂದ ಮಿದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರು ತಟ್ಟೆಯ ಎಡಭಾಗದ ಊಟವನ್ನು ಮುಟ್ಟದೆ ಎದ್ದುಬಿಡುತ್ತಾರೆ. ಕಣ್ಣಿನಲ್ಲಿ ಏನೂ ತೊಂದರೆ ಇಲ್ಲದಿದ್ದರೂ, ಆ ಕಡೆ ಒಂದು ಜಗತ್ತಿದೆ ಅನ್ನೋದೇ ಅವರ ಗಮನಕ್ಕೆ ಬರುವುದಿಲ್ಲ. ಇದನ್ನು ಮೊದಲು ಓದಿದಾಗ ನನಗೆ ತುಂಬಾ ಹೊತ್ತು ಸಂಕಟವಾಗಿತ್ತು.

ಹಾಗಾಗಿ ನಾನಾದರೆ ಒಂದು ಮಗು ಎಡಕ್ಕೆ, ಇನ್ನೊಂದು ಬಲಕ್ಕೆ ಬರುವಂತೆ ನಿಂತು, ನೋಟವನ್ನು ನಡುವೆ ಇಡುತ್ತೇನೆ. ಒಂದು ಮಗು ಮೆಟ್ಟಿಲು ಹತ್ತಲು ಹೊರಟರೆ ಮಾತ್ರ ಕಣ್ಣನ್ನೇ ಅತ್ತ ತಿರುಗಿಸಿ. ಮಗು ಓಡಿದ್ದು ಕಣ್ಣಂಚಿಗೆ ತಿಳಿಯುತ್ತದೆ, ಪಾದ ಎಲ್ಲಿ ಊರಿದೆ ಅನ್ನೋದು ತಿಳಿಯುವುದಿಲ್ಲ.