ಚಿತ್ರಕಥೆ ಕಲಿಯೋಕೆ ನಾಟಕ ಓದಬೇಕಾ?

ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದೀರಿ, ಕನ್ನಡದಲ್ಲಿ ಒಂದು ವೆಬ್ ಸರಣಿ ಬರೆಯುವ ಆಸೆ ಇದೆ, ಚಿತ್ರಕಥೆ ಕಲಿಸುವ ಇಂಗ್ಲಿಷ್ ಪುಸ್ತಕ ಕೊಳ್ಳಲೋ ನಾಟಕಗಳನ್ನು ಓದಲೋ ಎಂದು ಕೇಳಿದ್ದೀರಿ. ನಾಟಕದಿಂದ ಶುರು ಮಾಡಿ. ನಾನು ಮುಂಬೈಯಲ್ಲಿ ಹಿಂದಿ ಧಾರಾವಾಹಿಗಳಿಗೆ ಸೀನ್ ಬರೆದು ಬದುಕುತ್ತಿರುವವನು. ಅದಕ್ಕೂ ಮೊದಲು ಮಾಟುಂಗದಲ್ಲಿ ನಡೆಯುವ ಕನ್ನಡ ನಾಟಕ ಸ್ಪರ್ಧೆಗಳಿಗೆ ಏಕಾಂಕ ಬರೆಯುತ್ತಿದ್ದೆ. ಇವತ್ತಿಗೂ ಕೈ ಹಿಡಿಯುವುದು ಆ ತಾಲೀಮಿನಲ್ಲಿ ಕಲಿತದ್ದೇ.

ಮೊದಲು ಗಿರೀಶ ಕಾರ್ನಾಡರ ‘ತುಘಲಕ್’ (1964) ತೆಗೆದುಕೊಳ್ಳಿ. ಕಾಲೇಜಿನಲ್ಲಿ ಪಠ್ಯವಾಗಿ ಓದಿದ್ದರೂ ಸರಿ, ಈಗ ಸೀನ್ ಬರೆಯುವವರ ಕಣ್ಣಿನಿಂದ ಓದಿ. ಎರಡನೇ ದೃಶ್ಯ ತೆರೆದಾಗ ಸುಲ್ತಾನ ಚದುರಂಗದ ಹಲಗೆಯ ಮೇಲೆ ಬಾಗಿ ಕೂತಿದ್ದಾನೆ. ಮಲತಾಯಿ ಬರುತ್ತಾಳೆ. ದೊಡ್ಡ ದೊಡ್ಡ ಆಟಗಾರರಿಗೂ ಬಿಡಿಸಲಾಗದ ಒಂದು ಸಮಸ್ಯೆಯನ್ನು ಬಿಡಿಸಿದ ಸಂಭ್ರಮ ಅವನಿಗೆ. ಅದನ್ನು ಗೆಳೆಯ ಐನ್-ಉಲ್-ಮುಲ್ಕನಿಗೆ ತಿಳಿಸುವ ಉತ್ಸಾಹ. ಆ ಗೆಳೆಯನೇ ಸೈನ್ಯ ಕಟ್ಟಿಕೊಂಡು ದಿಲ್ಲಿಯ ಮೇಲೆ ಬರುತ್ತಿದ್ದಾನೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಅವನ ಬುದ್ಧಿ, ಒಂಟಿತನ, ಆಪತ್ತಿನ ಎದುರಿನ ಆ ವಿಚಿತ್ರ ಉಲ್ಲಾಸ ಎಲ್ಲ ಒಂದು ಹಲಗೆಯ ಸುತ್ತಲೇ ನಡೆದುಹೋಯಿತು. ‘ಸುಲ್ತಾನ ಬಹಳ ಜಾಣ’ ಎಂದು ಯಾರ ಬಾಯಲ್ಲೂ ಹೇಳಿಸಬೇಕಾಗಲಿಲ್ಲ.

ಇನ್ನೊಂದು ವಿಷಯ ನನಗೆ ತುಂಬ ತಡವಾಗಿ ಹೊಳೆದದ್ದು. ಕಂಪನಿ ನಾಟಕದಲ್ಲಿ ರಸ್ತೆಯ ಪರದೆ ಬಿಟ್ಟು ಮುಂದೆ ಹಾಸ್ಯಗಾರರ ಸೀನು ನಡೆಸುತ್ತಿದ್ದರು, ಅಷ್ಟರಲ್ಲಿ ಹಿಂದೆ ದರ್ಬಾರು ಸಜ್ಜಾಗುತ್ತಿತ್ತು. ಕಾರ್ನಾಡರು ‘ತುಘಲಕ್’ ಕಟ್ಟಿದ್ದು ಪಾರ್ಸಿ ರಂಗಭೂಮಿಯ ಈ ಕ್ರಮದ ಮೇಲೆ ಎಂದು ಅವರೇ ಹೇಳಿದ್ದಾರೆ. ಅಗಸ ಅಜೀಜ್, ಕಿಸೆಗಳ್ಳ ಆಜಮ್ ಮುಂದಿನ ಪರದೆಯವರು, ಸುಲ್ತಾನ ಒಳಗಿನವನು. ಹದಿಮೂರನೇ ದೃಶ್ಯದಲ್ಲಿ ಅಗಸ ಒಳಕ್ಕೇ ನುಗ್ಗಿ ಸುಲ್ತಾನನ ಎದುರು ನಿಲ್ಲುತ್ತಾನೆ. ನಿಮ್ಮ ಸರಣಿಯಲ್ಲಿ ಎರಡು ಎಳೆಗಳನ್ನು ಹೆಣೆಯಬೇಕು, ಅವು ಯಾವ ಹೊತ್ತಿಗೆ ಡಿಕ್ಕಿ ಹೊಡೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ. ಇದನ್ನು ಮರಾಠಿಗೆ ತಂದವರು ವಿಜಯ ತೆಂಡೂಲ್ಕರ್. ಪುಣೆಯಲ್ಲಿದ್ದೀರಲ್ಲ, ಆ ಅನುವಾದದ ಹಳೆಯ ಪ್ರತಿ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಒಬ್ಬ ನಾಟಕಕಾರ ಇನ್ನೊಬ್ಬ ನಾಟಕಕಾರನ ಮಾತನ್ನು ಎಲ್ಲಿ ಚಿಕ್ಕದು ಮಾಡಿದ, ಎಲ್ಲಿ ಮುಟ್ಟದೆ ಬಿಟ್ಟ ಅನ್ನುವುದು ಕಾಣುತ್ತದೆ.

ಮಾತು ಕಡಿಮೆ ಮಾಡುವುದನ್ನು ನನಗೆ ಕಲಿಸಿದ್ದು ಒಬ್ಬ ನಟ. ನನ್ನ ಒಂದು ಏಕಾಂಕದಲ್ಲಿ ಉಡುಪಿ ಹೋಟೆಲಿನಲ್ಲಿ ದುಡಿಯುವ ಅಪ್ಪನಿಗೆ ಮಗಳು ಮೊದಲ ಸಂಬಳದ ಕವರು ಕೊಡುತ್ತಾಳೆ. ಅಪ್ಪನಿಗೆ ಒಂದೂವರೆ ಪುಟದ ಮಾತು ಬರೆದಿದ್ದೆ. ಆ ಪಾತ್ರ ಮಾಡಿದ ಹಿರಿಯರು ನಿಜಕ್ಕೂ ಹೋಟೆಲಿನಲ್ಲಿ ವರ್ಷಗಟ್ಟಲೆ ದುಡಿದವರು. ತಾಲೀಮಿನಲ್ಲಿ ಮಗಳು ಕವರು ಚಾಚಿದಾಗ ಅವರು ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು, ಆಮೇಲೆ ಕವರು ಮುಟ್ಟಿದರು. ಕೈ ಒದ್ದೆಯೇ ಇರಲಿಲ್ಲ. ನಿರ್ದೇಶಕರು ನನ್ನ ಒಂದೂವರೆ ಪುಟಕ್ಕೂ ಪೆನ್ಸಿಲಿನಲ್ಲಿ ಗೆರೆ ಎಳೆದರು. ಆ ರಾತ್ರಿ ಮನೆಗೆ ಹೋಗಿ ಸ್ಕ್ರಿಪ್ಟಿನಲ್ಲಿ ‘ಒಣಗಿದ ಕೈ ಒರೆಸಿಕೊಳ್ಳುತ್ತಾನೆ’ ಎಂದಷ್ಟೇ ಬರೆದೆ.

ನಾಟಕ ಆದ ಮೇಲೆ ಚಿತ್ರಕಥೆಗೆ ಬನ್ನಿ. ಒಂದು ಎಚ್ಚರ: ಪುಸ್ತಕವಾಗಿ ಬಂದಿರುವ ಚಿತ್ರಕಥೆಗಳಲ್ಲಿ ಕೆಲವನ್ನು ಮುಗಿದ ಸಿನಿಮಾ ನೋಡಿಕೊಂಡು ಬರೆದಿಳಿಸಿರುತ್ತಾರೆ. ತೆಂಡೂಲ್ಕರ್ ಬರೆದ ‘ಮಂಥನ್’ (1976) ಕಲ್ಕತ್ತಾದಿಂದ ಇಂಗ್ಲಿಷಿನಲ್ಲಿ ಪುಸ್ತಕವಾದದ್ದು ಹೀಗೇ. ಅದರಲ್ಲಿರುವುದು ತೆರೆಗೆ ಬಂದದ್ದು. ಶೂಟಿಂಗಿಗೆ ಮೊದಲು ಲೇಖಕರ ಮೇಜಿನ ಮೇಲಿದ್ದದ್ದಲ್ಲ. ಎಡಿಟಿಂಗಿನಲ್ಲಿ ಹೋದ ಸೀನುಗಳು, ಬದಲಾದ ಮಾತುಗಳು ಅಲ್ಲಿ ಸಿಗುವುದಿಲ್ಲ. ಓದಿ, ಆದರೆ ಮೊದಲ ಪ್ರತಿಯೇ ಇಷ್ಟು ಸಾಫಾಗಿತ್ತು ಎಂದುಕೊಂಡು ಧೈರ್ಯಗೆಡಬೇಡಿ.

ಅದಕ್ಕಿಂತ ಲಾಭದ ಅಭ್ಯಾಸ ಒಂದಿದೆ. ನಟಿ ಹಂಸಾ ವಾಡಕರ್ ಅವರ ಮರಾಠಿ ಆತ್ಮಕಥೆ ‘ಸಾಂಗತ್ಯೆ ಐಕಾ’ ಓದಿ, ಆಮೇಲೆ ಅದನ್ನು ಆಧರಿಸಿದ ಸಿನಿಮಾ ‘ಭೂಮಿಕಾ’ (1977) ನೋಡಿ. ನಿರ್ದೇಶಕ ಶ್ಯಾಮ್ ಬೆನಗಲ್, ರಂಗನಿರ್ದೇಶಕ ಸತ್ಯದೇವ್ ದುಬೆ, ಕಾರ್ನಾಡ್ ಮೂವರೂ ಸೇರಿ ಬರೆದ ಚಿತ್ರಕಥೆ, ರಾಷ್ಟ್ರಪ್ರಶಸ್ತಿ ಪಡೆದದ್ದು. ಪುಸ್ತಕದ ಉದ್ದಕ್ಕೂ ‘ನಾನು’ ಎಂದು ಹೇಳಿಕೊಳ್ಳುವ ದನಿಯಿದೆ. ತೆರೆಯ ಮೇಲೆ ಆ ದನಿಯ ಜಾಗದಲ್ಲಿ ಏನು ಬಂತು, ಬಾಲ್ಯವನ್ನು ಕಪ್ಪು-ಬಿಳುಪಿನಲ್ಲಿಟ್ಟು ಯಾವ ಹೊತ್ತಿಗೆ ಒಳಕ್ಕೆ ತಂದರು ಎಂದು ನೋಟ್‌ಬುಕ್ಕಿನಲ್ಲಿ ಸೀನ್ ಆರ್ಡರ್ ಬರೆಯುತ್ತ ಹೋಗಿ. ನಿಲ್ಲಿಸಿ ನಿಲ್ಲಿಸಿ ನೋಡಬೇಕು, ಎರಡು ಭಾನುವಾರ ಹಿಡಿಯುತ್ತದೆ. ನಿಮ್ಮ ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿರುವ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬನ್ನಿ.

ಇಂಗ್ಲಿಷ್ ಕೈಪಿಡಿಗಳನ್ನು ಕೊನೆಗೆ ಓದಿದರೆ ಸಾಕು. ಅವು ಹೇಳುವ ‘ಸ್ಕ್ರಿಪ್ಟಿನ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ’ ಇಂಗ್ಲಿಷ್ ಟೈಪಿನ ಅಳತೆ. ಕನ್ನಡ ಅಕ್ಷರದಲ್ಲಿ ಆ ಲೆಕ್ಕ ಕೂಡುವುದಿಲ್ಲ. ಜೋರಾಗಿ ಓದಿ, ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ.

ಬರೆದದ್ದನ್ನು ಯಾರಿಗೇ ಕಳಿಸುವ ಮುಂಚೆ ಮುಂಬೈ ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ, ಅದನ್ನು ಅಲ್ಲಿ ನೋಂದಾಯಿಸಿ. ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮಾಡಬಹುದು. ಒಂದು ನಿರ್ಮಾಣ ಸಂಸ್ಥೆಯ ಆಫೀಸಿನಲ್ಲಿ ನಾನು ಒಂದು ಕಥೆಯನ್ನು ಬಾಯಿಮಾತಲ್ಲೇ ಹೇಳಿ ಬಂದಿದ್ದೆ. ಎರಡು ವರ್ಷದ ಮೇಲೆ ಅದು ಟಿವಿಯಲ್ಲಿ ಬಂತು, ಬೇರೆಯವರ ಹೆಸರಿನಲ್ಲಿ. ತೋರಿಸೋಣವೆಂದರೆ ತಾರೀಕು ಇರುವ ಒಂದು ಹಾಳೆಯೂ ನನ್ನ ಹತ್ತಿರ ಇರಲಿಲ್ಲ.